ಕರುವಿನ ಪಾಲು

ನಮ್ಮ ಅಜ್ಜಿ ಬೆಳಗಿನ ಹಾಲು ಕರೆಯಲು ಕೊಟ್ಟಿಗೆಗೆ ಹೋದರೆ ಮೊದಲು ಕರುವಿನ ಕಣ್ಣಿ ಬಿಚ್ಚುತ್ತಿದ್ದಳು. ರಾತ್ರಿಯೆಲ್ಲ ಗೂಟದಲ್ಲಿದ್ದ ಕರು ಬಾಲವೆತ್ತಿಕೊಂಡು ಓಡಿ ಗೌರಿಯ ಕೆಚ್ಚಲಿಗೆ ಬಾಯಿ ಹಾಕುತ್ತಿತ್ತು. ನಾಲ್ಕು ಸಲ ಗುದ್ದಿ, ನಾಲ್ಕು ತೊಟ್ಟನ್ನೂ ಚೀಪಿ, ಅದರ ಕಟವಾಯಿಯಲ್ಲಿ ನೊರೆ ಕಂಡಮೇಲೆ ಅಜ್ಜಿ ಅದನ್ನು ಎಳೆದು ಗೌರಿಯ ಮುಂಗಾಲಿನ ಹತ್ತಿರ ಕಟ್ಟುತ್ತಿದ್ದಳು. ಗೌರಿ ಕರುವಿನ ಮೈ ನೆಕ್ಕುತ್ತ ನಿಂತರೆ ಅಜ್ಜಿ ತಂಬಿಗೆಯನ್ನು ಮಂಡಿಗಳ ನಡುವೆ ಇಟ್ಟುಕೊಂಡು ಹಾಲು ಕರೆಯುವಳು. ಕೆಚ್ಚಲು ಬತ್ತುವ ಮೊದಲೇ ಎದ್ದುಬಿಡುವಳು.

“ಇನ್ನೂ ಐತಲ್ಲಜ್ಜಿ” ಎಂದರೆ, “ಅದು ಅದರ ಪಾಲು ಕಣವ್ವ” ಎನ್ನುತ್ತ ಕರುವನ್ನು ಮತ್ತೆ ಬಿಡುತ್ತಿದ್ದಳು.

ಇದು 1970ರ ದಶಕದ ಕೊನೆಯ ಮಾತು. ತಿಪಟೂರು ಕಡೆಯ ನಮ್ಮೂರಿನಲ್ಲಿ ಆಗ ಮನೆಗೊಂದೋ ಎರಡೋ ನಾಟಿ ಹಸುಗಳು. ಹೊತ್ತಿಗೆ ಒಂದು ಸೇರು ಹಾಲು ಕೊಟ್ಟರೆ ಅದೇ ದೊಡ್ಡದು. ಹಸು ಕರು ಹಾಕಿದ ದಿನ ನಾವು ಮಕ್ಕಳು ಗಿಣ್ಣಿಗಾಗಿ ಬಾಗಿಲಲ್ಲೇ ಕಾಯುತ್ತಿದ್ದೆವು. ಕರು ಎದ್ದು ನಿಂತು ಹೊಟ್ಟೆ ತುಂಬ ಕುಡಿಯುವ ತನಕ ಅಜ್ಜಿ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ರೋಗ ತಡೆಯುವ ಶಕ್ತಿ ಹಸುವಿನ ಗರ್ಭದಲ್ಲಿರುವಾಗ ಕರುವಿಗೆ ದಾಟುವುದಿಲ್ಲ, ಹುಟ್ಟಿದ ಕೆಲವೇ ಗಂಟೆಗಳೊಳಗೆ ಕುಡಿದ ಗಿಣ್ಣುಹಾಲಿನಿಂದಲೇ ಅದು ಸಿಗಬೇಕು ಎಂಬುದನ್ನು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಓದು ಬಾರದ ಅಜ್ಜಿ ಅದನ್ನು ನಡೆಸಿಕೊಂಡು ಬಂದಿದ್ದಳು.

ನಾಟಿ ಹಸುಗಳು ಸಾಮಾನ್ಯವಾಗಿ ಕರುವಿಲ್ಲದೆ ಹಾಲು ಇಳಿಸುವುದಿಲ್ಲ. ಕರುವಿನ ಮೂತಿ ಕೆಚ್ಚಲಿಗೆ ತಾಗಿದಾಗ ಹಸುವಿನ ಮಿದುಳಿನ ಬುಡದ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೊರಟು ರಕ್ತದಲ್ಲಿ ಸೇರುತ್ತದೆ. ಆಗ ಕೆಚ್ಚಲಿನೊಳಗೆ ತಡೆದು ನಿಂತ ಹಾಲು ಕೆಳಗಿಳಿಯುತ್ತದೆ. ತಾಯಂದಿರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗು ಅತ್ತ ಸದ್ದಿಗೇ ರವಿಕೆ ಒದ್ದೆಯಾಗುವುದು ಇದೇ ಹಾರ್ಮೋನಿನಿಂದ. ಒಮ್ಮೆ ಪಕ್ಕದ ಮನೆಯ ಕರು ಸತ್ತಾಗ ಅವರು ಅದರ ಚರ್ಮಕ್ಕೆ ಹುಲ್ಲು ತುಂಬಿಸಿ ಹಸುವಿನ ಮುಂದೆ ನಿಲ್ಲಿಸಿದ್ದರು. ಹಸು ಅದನ್ನು ನೆಕ್ಕಿ ನೆಕ್ಕಿ ಹಾಲು ಇಳಿಸುತ್ತಿತ್ತು. ನನಗೆ ನೋಡಲಾಗದೆ ಮನೆಗೆ ಓಡಿ ಬಂದಿದ್ದೆ.

ಕರುವಿಗೆ ಪಾಲು ಬಿಡುವುದನ್ನು ನಾನು ಬಹಳ ಕಾಲ ಅಜ್ಜಿಯ ಕರುಣೆ ಎಂದೇ ತಿಳಿದಿದ್ದೆ. ಇತಿಹಾಸ ಪಾಠ ಮಾಡಲು ತೊಡಗಿದ ಮೇಲೆ ಅದರ ಹಿಂದೆ ಇನ್ನೊಂದು ಲೆಕ್ಕವೂ ಕಂಡಿತು. ನಮ್ಮ ಕಡೆ ಅಮೃತಮಹಲ್ ಕಾವಲುಗಳ ಹೆಸರು ಕೇಳದವರಿಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರು (1673-1704) ಅರಮನೆಯ ಹಾಲು ಬೆಣ್ಣೆಗಾಗಿ ಸಾಕಿದ ಹಿಂಡುಗಳಿಗೆ ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಮಾಡಿ, ಮೇಯಲು ಕಾವಲುಗಳನ್ನು ಬಿಟ್ಟರು. ಹೈದರಾಲಿಯ ಕಾಲಕ್ಕೆ ಆ ಹಿಂಡಿನ ಎತ್ತುಗಳು ಫಿರಂಗಿ ಎಳೆದವು. ಟಿಪ್ಪು ಸುಲ್ತಾನ್ ಅದಕ್ಕೆ ‘ಅಮೃತಮಹಲ್’ ಎಂದು ಹೆಸರಿಟ್ಟ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಹಿಂಡುಗಳು ಇಂಗ್ಲಿಷರ ಕೈಸೇರಿ ಅವರ ಸೈನ್ಯದ ಸಾಮಾನು ಎಳೆದವು. ಖರ್ಚು ಉಳಿಸಲೆಂದು 1860ರಲ್ಲಿ ಹಿಂಡನ್ನು ಮಾರಿ, ಅಂಥ ಎತ್ತು ಬೇರೆಲ್ಲೂ ಸಿಗದೆ 1866ರಲ್ಲಿ ಮತ್ತೆ ಕಟ್ಟಿದರು.

ಹೆಸರಿನಲ್ಲಿ ಬೆಣ್ಣೆ, ಅಮೃತ. ಆದರೆ ಸೈನ್ಯಕ್ಕೆ ಬೇಕಾಗಿದ್ದುದು ಎತ್ತು. ಆದ್ದರಿಂದ ಆ ಹಿಂಡಿನ ಹಸುಗಳ ಹಾಲು ಕರುಗಳಿಗೇ ಹೋಗುತ್ತಿತ್ತು. ಬಡ ರೈತನ ಮನೆಯಲ್ಲೂ ಇದೇ ನ್ಯಾಯ. ಒಂದು ಸೇರು ಹಾಲಿಗಿಂತ, ಮೂರು ವರ್ಷದ ಮೇಲೆ ನೊಗಕ್ಕೆ ಹೆಗಲು ಕೊಡುವ ಹೋರಿಗರು ದೊಡ್ಡದು. ಅಜ್ಜಿಯ ಕರುಣೆ ಸುಳ್ಳಲ್ಲ. ಕರುಣೆಯೂ ಲೆಕ್ಕವೂ ಒಂದೇ ಕಣ್ಣಿಯಲ್ಲಿ ಕಟ್ಟಿಕೊಂಡಿದ್ದ ಕಾಲ ಅದು.

ಆ ಕಣ್ಣಿ ಹರಿದದ್ದು ನನ್ನ ಕಣ್ಣೆದುರಿಗೆ. ಗುಜರಾತಿನ ಖೇಡಾ ಜಿಲ್ಲೆಯಲ್ಲಿ 1946ರಲ್ಲಿ ಹುಟ್ಟಿದ ಹಾಲಿನ ಸಹಕಾರ, 1970ರಲ್ಲಿ ವರ್ಗೀಸ್ ಕುರಿಯನ್ನರ ‘ಆಪರೇಷನ್ ಫ್ಲಡ್’ ಆಗಿ ದೇಶಕ್ಕೆ ಹಬ್ಬಿತು. ನಮ್ಮಲ್ಲಿ ಕೊಡಗಿನ ಕೂಡಿಗೆಯಲ್ಲಿ 1955ರಷ್ಟು ಹಿಂದೆಯೇ ಒಂದು ಸಹಕಾರಿ ಡೈರಿ ಇತ್ತಾದರೂ, ಹಳ್ಳಿ ಹಳ್ಳಿಗೆ ಸಂಘ ಬಂದದ್ದು 1970ರ ದಶಕದ ನಡುವೆ ವಿಶ್ವಬ್ಯಾಂಕಿನ ನೆರವಿನಿಂದ ಹಳೇ ಮೈಸೂರಿನ ಜಿಲ್ಲೆಗಳಲ್ಲಿ ಯೋಜನೆ ಶುರುವಾದ ಮೇಲೆ. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ ರೂಪುಗೊಂಡಿತು. ನಮ್ಮೂರಿಗೂ ಆಸುಪಾಸಿನಲ್ಲೇ ಡೈರಿ ಬಂತು. ಬೆಳಿಗ್ಗೆ ಸಂಜೆ ಹೆಂಗಸರು ಕ್ಯಾನು ಹಿಡಿದು ಸಾಲು ನಿಂತರು. ‘ಡಿಗ್ರಿ’, ‘ಫ್ಯಾಟು’, ‘ಬಟವಾಡೆ’ ಎಂಬ ಮಾತುಗಳು ಅಡುಗೆಮನೆಗೆ ಬಂದವು.

ಅಪ್ಪ ಬ್ಯಾಂಕಿನ ಸಾಲದಲ್ಲಿ ಒಂದು ಸೀಮೆಹಸು ತಂದರು. ಹೊತ್ತಿಗೆ ನಾಲ್ಕೈದು ಲೀಟರು ಹಾಲು. ಮೇಲಾಗಿ ಅದಕ್ಕೆ ಕರು ಬೇಕಿರಲಿಲ್ಲ. ಬಿಸಿನೀರಿನಲ್ಲಿ ಕೆಚ್ಚಲು ತೊಳೆದು ಕೈಯಾಡಿಸಿದರೆ ಹಾಲು ಇಳಿಸುತ್ತಿತ್ತು. ಹುಟ್ಟಿದ ಕೆಲವೇ ದಿನಕ್ಕೆ ಕರುವನ್ನು ಬೇರೆ ಕಟ್ಟಿ ಬಕೆಟ್ಟಿನಲ್ಲಿ ಕುಡಿಸುವ ಪದ್ಧತಿ ಬಂತು. ಹದಿನೈದು ದಿನಕ್ಕೊಮ್ಮೆ ಬಟವಾಡೆಯ ಹಣ ಅವ್ವನ ಕೈಗೆ ಬಿತ್ತು. ಅಲ್ಲಿಯವರೆಗೆ ಅವ್ವ ಒಂದು ಸೀಗೆಕಾಯಿ ಕೊಳ್ಳಬೇಕಾದರೂ ಅಪ್ಪನ ಮುಖ ನೋಡಬೇಕಾಗಿತ್ತು.

1986ರ ಬೇಸಿಗೆಯಲ್ಲಿ ಆ ಹಸು ಗಂಡುಗರು ಹಾಕಿತು. ನಮ್ಮ ಕಡೆ ಮನೆಯಲ್ಲಿ ಹೆಣ್ಣು ಹುಟ್ಟಿದರೆ ಮುಖ ಸಣ್ಣದಾಗುತ್ತಿತ್ತು. ಕೊಟ್ಟಿಗೆಯಲ್ಲಿ ಈಗ ಗಂಡು ಹುಟ್ಟಿದರೆ ಮುಖ ಸಣ್ಣದಾಗತೊಡಗಿತು. ಸೀಮೆ ತಳಿಯ ಹೋರಿ ನಮ್ಮ ಬಿಸಿಲಿಗೆ ತಡೆಯುವುದಿಲ್ಲ, ಉಳುಮೆಗೆ ಆಗುವುದಿಲ್ಲ ಎನ್ನುತ್ತಿದ್ದರು. ಸಾಲದ ಕಂತು ಬೇರೆ ಹತ್ತಿರ ಬಂದಿತ್ತು. ಅದಕ್ಕೆ ಕುಡಿಸುವ ಕೆಲಸ ನನ್ನದು. ಆ ಗಾತ್ರದ ಕರುವಿಗೆ ದಿನಕ್ಕೆ ಎರಡೂವರೆ ಮೂರು ಲೀಟರು ಹಾಲು ಬೇಕು. ಅವ್ವ ಒಂದು ಲೋಟ ಹಾಲಿಗೆ ಗಂಜಿ ತಿಳಿ ಬೆರೆಸಿಕೊಡುವಳು. ನಾನು ಬೆರಳು ಚೀಪಿಸಿ ಅದನ್ನೇ ಕುಡಿಸಿದೆ. ಭೇದಿ ಹಿಡಿಯಿತು. ಹನ್ನೆರಡನೆಯ ದಿನ ಬೆಳಿಗ್ಗೆ ಕರು ಕಣ್ಣು ತೆರೆಯಲಿಲ್ಲ. ಹಸು ಕೂಗಿತು, ಆದರೆ ಹಾಲು ನಿಲ್ಲಿಸಲಿಲ್ಲ.

ಆಗ ಕೊಟ್ಟಿಗೆ ಕೆಲಸ ಬಿಟ್ಟಿದ್ದ ಅಜ್ಜಿ ಬರಿಯ ಗೂಟದ ಹತ್ತಿರ ಬಂದು ಕೂತಳು. “ಅದರ ಪಾಲು ಎಲ್ಲಿಗೋಯ್ತೇ?” ಎಂದು ಕೇಳಿದಳು.

ಅವ್ವ ತಲೆಯೆತ್ತದೆ, “ಇವಳ ಫೀಸಿಗೆ ಹೋಯ್ತು ಅತ್ತೆ” ಎಂದಳು.

ಅದು ನಿಜ. ಎಸ್ಸೆಸ್ಸೆಲ್ಸಿಗೇ ಮದುವೆ ಮಾಡಿಬಿಡುವ ಮಾತು ನಡೆದಿತ್ತು. ನಾನು ಕಾಲೇಜಿಗೆ ಹೋದದ್ದು, ಬಿ.ಎ. ಮುಗಿಸಿ ಬಿ.ಎಡ್. ಸೇರಿದ್ದು, ಎಲ್ಲವೂ ಬಟವಾಡೆಯ ಹಣದಲ್ಲೇ. ಅವ್ವನನ್ನು ನಾನು ದೂರಲಾರೆ. ಡೈರಿಯನ್ನೂ ದೂರಲಾರೆ. ನನ್ನ ಹಾಗೆ ಎಷ್ಟು ಹೆಣ್ಣುಮಕ್ಕಳ ಫೀಸು, ಪುಸ್ತಕ, ಓಲೆ ಆ ಕ್ಯಾನಿನಿಂದ ಬಂದವೋ! ಆದರೆ ಕೊಟ್ಟವರ ಹೆಸರನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಬೇಕಲ್ಲವೆ? ಆ ಸಾಲಿನಲ್ಲಿ ಅಪ್ಪ, ಅವ್ವ, ಹಸುವಿನ ಜೊತೆಗೆ ಹನ್ನೆರಡು ದಿನ ಬದುಕಿದ ಒಂದು ಗಂಡುಗರುವೂ ಇದೆ.

ಮುಂದೆ ಟ್ರ್ಯಾಕ್ಟರು ಟಿಲ್ಲರುಗಳು ಬಂದು ಎತ್ತಿನ ಕೆಲಸವೇ ಹೋಯಿತು. ಈಗ ಹೆಣ್ಣುಗರುವೇ ಹುಟ್ಟುವಂತೆ ಲಿಂಗ ವಿಂಗಡಿಸಿದ ವೀರ್ಯವೂ ಸಿಗುತ್ತದೆ. 2013ರ ಆಗಸ್ಟ್ 1ರಂದು ‘ಕ್ಷೀರಭಾಗ್ಯ’ ಶುರುವಾದಾಗ ನಮ್ಮ ಶಾಲೆಯಲ್ಲಿ ಹಾಲಿನ ಪುಡಿ ಕದಡಿ ಮಕ್ಕಳ ಲೋಟಗಳಿಗೆ ಹಾಕಿಸಿದವಳು ನಾನೇ. ಬೆಳಿಗ್ಗೆ ಏನೂ ತಿನ್ನದೆ ಬರುವ ಮಕ್ಕಳ ತುಟಿಯ ಮೇಲೆ ಬಿಳಿಯ ಗೆರೆ ಕಂಡಾಗ ಸಂತೋಷವಾಗುತ್ತಿತ್ತು. ಜೊತೆಗೇ ಆ ಬಕೆಟ್ಟೂ ನೆನಪಾಗುತ್ತಿತ್ತು.

ಕಳೆದ ವರ್ಷ ಊರಿಗೆ ಹೋಗಿದ್ದೆ. ತಮ್ಮನ ಹೆಂಡತಿ ಎರಡು ಹಸು ಕಟ್ಟಿದ್ದಾಳೆ. ಹಾಲು ಕರೆದ ಮೇಲೆ ಎರಡು ಹೊತ್ತೂ ಹತ್ತು ನಿಮಿಷ ಕರುವನ್ನು ತಾಯಿಯ ಹತ್ತಿರ ಬಿಡುತ್ತಾಳೆ. ಡೈರಿಗೆ ಎರಡು ಲೀಟರು ಕಡಿಮೆಯಾಯಿತೆಂದು ಮೊದಲು ತಮ್ಮ ಗೊಣಗಿದನಂತೆ. “ಭೇದಿ ಔಷಧದ ದುಡ್ಡು ಉಳೀತಲ್ಲ” ಎಂದು ಅವಳು ಬಾಯಿ ಮುಚ್ಚಿಸಿದಳಂತೆ. ಕೊನೆಯ ಹಾಲನ್ನು ಕರು ಖಾಲಿ ಮಾಡುವುದರಿಂದ ಕೆಚ್ಚಲುಬಾವೂ ಕಡಿಮೆ ಎಂದು ಪಶುವೈದ್ಯರು ಹೇಳಿದ್ದಾರೆ. ಹುಟ್ಟಿದೊಡನೆ ಕರು ಬೇರೆ ಮಾಡುವುದು ರೂಢಿಯಾದ ಯುರೋಪಿನಲ್ಲೂ ಈಗ ಮನಸ್ಸು ಬದಲಾಗುತ್ತಿದೆ. ಕರುವನ್ನು ಕನಿಷ್ಠ ಒಂದು ದಿನ ತಾಯಿಯ ಬಳಿ ಬಿಡಬೇಕು, ಮುಂದೆ ಆ ಅವಧಿಯನ್ನು ಹೆಚ್ಚಿಸುತ್ತ ಹೋಗಬೇಕು ಎಂದು ಅಲ್ಲಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಸಲಹೆ ಕೊಟ್ಟಿದೆ.

ಸಂಜೆ ಅವಳು ಹಾಲು ಕರೆಯುತ್ತಿದ್ದಾಗ ನಾನು ಹತ್ತಿರ ನಿಂತಿದ್ದೆ. ಕ್ಯಾನು ಮುಕ್ಕಾಲು ತುಂಬಿತ್ತು. ಅವಳು ಕೈ ನಿಲ್ಲಿಸಿ, “ಅಕ್ಕ, ನೀವು ಓದಿದೋರು. ಇದಕ್ಕೆ ಎಷ್ಟು ಬಿಟ್ಟರೆ ಸರಿ, ಹೇಳಿ” ಎಂದಳು.

ದಿನಕ್ಕೆ ಮೈತೂಕದ ಹತ್ತರಲ್ಲೊಂದು ಪಾಲು ಎಂದು ಪುಸ್ತಕದ ಉತ್ತರ ನಾಲಗೆಯ ತುದಿಗೆ ಬಂತು. ಹೇಳಲಿಲ್ಲ. ಗೂಟದ ಹತ್ತಿರ ಹೋಗಿ ಕರುವಿನ ಕಣ್ಣಿ ಬಿಚ್ಚಿದೆ.