ನಮ್ಮ ಸಂಘದ ಕಂಪ್ಯೂಟರ್ ‘ಹ್ಯಾಂಗ್’ ಆದ ಇತಿಹಾಸ

ನಮ್ಮ ಸಂಘವು ಇಪ್ಪತ್ತೈದು ವರ್ಷ ಪೂರೈಸಿ ಬೆಳ್ಳಿ ಹಬ್ಬ ಆಚರಿಸುತ್ತಿರುವ ಈ ಸಂದರ್ಭದಲ್ಲಿ ಗೋದಾಮು ಕಟ್ಟಿದ್ದು, ಷೇರು ಬಂಡವಾಳ ಬೆಳೆದದ್ದು ಮುಂತಾದ ಸಂಗತಿಗಳನ್ನು ಬೇರೆಯವರು ಬರೆದಿದ್ದಾರೆ. ನಾವು ಬರೆಯಹೊರಟಿರುವುದು ಅಷ್ಟೇನೂ ಹೆಮ್ಮೆಯ ವಿಷಯವಲ್ಲ. “ಕಂಪ್ಯೂಟರ್ ಹ್ಯಾಂಗ್ ಆಗಿದೆ, ನಾಳೆ ಬನ್ನಿ” ಎಂಬ ಮಾತನ್ನು ಕೇಳದ ಸದಸ್ಯರು ನಮ್ಮೂರಿನಲ್ಲಿ ಯಾರೂ ಇರಲಾರರು. ಆ ಮಾತಿನ ಹಿಂದಿನ ಕಥೆ ಇದು.

ಸಂಘಕ್ಕೆ ಮೊದಲ ಕಂಪ್ಯೂಟರ್ ಬಂದ ದಿನ ಅರಿಶಿನ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು ಪೂಜೆ ಮಾಡಿದ್ದೆವು. ಎರಡು ವರ್ಷ ಅದು ತಕರಾರಿಲ್ಲದೆ ಕೆಲಸ ಮಾಡಿತು. ಆಮೇಲೆ ಶುರುವಾಯಿತು ನೋಡಿ. ಬೆಳಿಗ್ಗೆ ಗುಂಡಿ ಒತ್ತಿದರೆ ಮೂರು ನಾಲ್ಕು ಸಲಕ್ಕೆ ಏಳುತ್ತಿತ್ತು. ಎದ್ದರೂ ನಾಲ್ಕು ಜನರ ಲೆಕ್ಕ ಹಾಕುವಷ್ಟರಲ್ಲಿ ಪರದೆ ಕಲ್ಲಾಗಿ ನಿಲ್ಲುತ್ತಿತ್ತು. ಮೌಸ್ ಅಲ್ಲಾಡದು, ಕೀಲಿಮಣೆ ಕುಟ್ಟಿದರೂ ಕೇಳದು. ಕರೆಂಟ್ ತೆಗೆದು ಮತ್ತೆ ಹಾಕುವುದೊಂದೇ ದಾರಿ.

ಒಂದು ವರ್ಷ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಇದು ದೊಡ್ಡ ರಾದ್ಧಾಂತಕ್ಕೆ ಕಾರಣವಾಯಿತು. ಅವಧಿಯೊಳಗೆ ಸಾಲ ಕಟ್ಟಿದವರಿಗೆ ಬಡ್ಡಿ ರಿಯಾಯಿತಿ ಇದ್ದುದರಿಂದ ಜನ ಸಾಲುಗಟ್ಟಿ ನಿಂತಿದ್ದರು. ಹಿರಿಯ ಸದಸ್ಯರೊಬ್ಬರು ಎತ್ತು ಮಾರಿದ ದುಡ್ಡು ತಂದು ಕಟ್ಟಿ, ಗುಮಾಸ್ತರು ಕೈಯಲ್ಲಿ ಬರೆದುಕೊಟ್ಟ ರಸೀದಿ ಪಡೆದು ಹೋದರು. ಮುಂದಿನ ತಿಂಗಳು ನೋಡಿದರೆ ಸುಸ್ತಿದಾರರ ಪಟ್ಟಿಯಲ್ಲಿ ಅವರ ಹೆಸರು! ರಸೀದಿ ಎಲ್ಲೋ ಕಳೆದುಹೋಗಿತ್ತು. ಸಭೆಯಲ್ಲಿ “ದುಡ್ಡು ಯಾರ ಜೇಬಿಗೆ ಹೋಯ್ತು ಸ್ವಾಮಿ?” ಎಂದು ಅವರು ಕೇಳಿದಾಗ ಎಲ್ಲರೂ ಗುಮಾಸ್ತರ ಮುಖ ನೋಡಿದರು. ಆಡಳಿತ ಮಂಡಳಿಯಲ್ಲಿದ್ದ ನಾವೂ ನೋಡಿದೆವು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಆ ಮನುಷ್ಯ ಎರಡು ದಿನ ಊಟ ಬಿಟ್ಟಿದ್ದರಂತೆ.

ಕಾಪಾಡಿದ್ದು ಹಳೆಯ ಕಿರ್ದಿ ಪುಸ್ತಕ. ಕಂಪ್ಯೂಟರ್ ಬಂದಮೇಲೂ ಗುಮಾಸ್ತರು ಹಟ ಹಿಡಿದು ಅದನ್ನು ಬರೆಯುತ್ತಿದ್ದರು. ನಾವೇ ಎಷ್ಟೋ ಸಲ “ಎರಡು ಕೆಲಸ ಯಾಕ್ರೀ?” ಎಂದಿದ್ದೆವು. ಆ ದಿನದ ಪುಟದಲ್ಲಿ ಸದಸ್ಯರ ಹೆಸರು, ಮೊತ್ತ, ರಸೀದಿ ನಂಬರು ಎಲ್ಲವೂ ಇತ್ತು. ನಗದು ಶಿಲ್ಕು ತಾಳೆಯಾಗಿತ್ತು. ನಡೆದದ್ದು ಇಷ್ಟೇ: ನಾವು ಟೈಪು ಮಾಡಿದ್ದು ಮೊದಲು ಕಂಪ್ಯೂಟರಿನ ತಾತ್ಕಾಲಿಕ ನೆನಪಿನಲ್ಲಿರುತ್ತದೆ, ಡಿಸ್ಕಿಗೆ ಇಳಿಯುವುದು ಆಮೇಲೆ. ನಡುವೆ ಯಂತ್ರ ನಿಂತು ಕರೆಂಟ್ ತೆಗೆದರೆ ಆ ನೆನಪು ಅಳಿಸಿಹೋಗುತ್ತದೆ. ಆ ಹಿರಿಯರ ಲೆಕ್ಕ ಹೋದದ್ದು ಹಾಗೆ.

ಇನ್ನು ರಿಪೇರಿಯ ಪುರಾಣ. ಪೇಟೆಯಿಂದ ಬಂದ ಮೊದಲನೆಯವರು ವೈರಸ್ ಎಂದು ಫಾರ್ಮ್ಯಾಟ್ ಮಾಡಿ ವಿಂಡೋಸನ್ನು ಹೊಸದಾಗಿ ಹಾಕಿದರು. ಎರಡನೇ ದಿನಕ್ಕೆ ಅದೇ ರಾಗ. ಇನ್ನೊಬ್ಬರು ರ‍್ಯಾಮ್ ಪಟ್ಟಿ ಕಿತ್ತು ಅದರ ಚಿನ್ನದ ಬಣ್ಣದ ಅಂಚನ್ನು ಮಕ್ಕಳ ರಬ್ಬರಿನಿಂದ ಉಜ್ಜಿ ಕೂರಿಸಿದರು. ಮೂರು ದಿನ ಚೆನ್ನಾಗಿತ್ತು! ಪೆಟ್ಟಿಗೆ ಬಿಚ್ಚಿದಾಗ ಒಳಗಿನ ಫ್ಯಾನಿಗೆ ಗೊಬ್ಬರದ ಧೂಳು ಉಂಡೆ ಕಟ್ಟಿತ್ತು. ಅದನ್ನೂ ಊದಿಸಿದೆವು. ವೋಲ್ಟೇಜ್ ಸಾಲದೆಂದು ಸ್ಟೆಬಿಲೈಸರ್ ತಂದೆವು, ಯುಪಿಎಸ್ ಬ್ಯಾಟರಿ ಬದಲಿಸಿದೆವು. ಇವೆಲ್ಲ ಬೇಕಾದ ಕೆಲಸಗಳೇ, ಆದರೆ ರೋಗ ಅಲ್ಲಿರಲಿಲ್ಲ.

ಕೊನೆಗೆ ಕಂಡುಹಿಡಿದವನು ನಮ್ಮೂರಿನಲ್ಲೇ ಟಿ.ವಿ. ರಿಪೇರಿ ಮಾಡುತ್ತಿದ್ದ ಹುಡುಗ. ಮದರ್‌ಬೋರ್ಡಿನ ಮೇಲೆ ಬೆರಳಿನ ತುದಿಯಷ್ಟಿರುವ ಡಬ್ಬಿಗಳನ್ನು ತೋರಿಸಿ, “ನೋಡಿ ಸಾರ್, ಇವುಗಳ ತಲೆ ಪೂರಿ ಹಾಗೆ ಉಬ್ಬಿದೆ” ಎಂದ. ಐದು ಡಬ್ಬಿ ಉಬ್ಬಿದ್ದವು, ಎರಡರ ಮೇಲೆ ಕಂದು ಕಲೆ ಒಸರಿತ್ತು. ಅವೇ ಕೆಪಾಸಿಟರ್‌ಗಳು. ಕೆರೆಯು ನೀರನ್ನು ಹಿಡಿದಿಟ್ಟು ಕಾಲುವೆಗೆ ಸಮನಾಗಿ ಬಿಡುವಂತೆ ಇವು ಪ್ರೊಸೆಸರಿಗೆ ಹೋಗುವ ವಿದ್ಯುತ್ತನ್ನು ಏರಿಳಿತವಿಲ್ಲದೆ ಕೊಡುತ್ತವೆ. ಇವು ಕೆಟ್ಟರೆ ಕೆಲಸ ಹೆಚ್ಚಾದಾಗ ವಿದ್ಯುತ್ ತಡವರಿಸಿ ಯಂತ್ರ ನಿಲ್ಲುತ್ತದೆ. ಅದೇ ವೋಲ್ಟು, ಅದೇ ಮೈಕ್ರೋಫ್ಯಾರಡ್, 105 ಡಿಗ್ರಿ ಶಾಖ ತಡೆಯುವಂಥವನ್ನು ತರಿಸಿ, ಪ್ಲಸ್ಸು ಮೈನಸ್ಸು ನೋಡಿಕೊಂಡು ಬೆಸುಗೆ ಹಾಕಿದ. ಫಾರ್ಮ್ಯಾಟಿಗೆ ಕೊಟ್ಟ ದುಡ್ಡಿನಲ್ಲಿ ಕಾಲು ಭಾಗವೂ ಖರ್ಚಾಗಲಿಲ್ಲ.

ಇದು ನಮ್ಮ ಸಂಘದ ಗ್ರಹಚಾರ ಮಾತ್ರವಲ್ಲ ಎಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. 1999ರಿಂದ ಸುಮಾರು 2007ರವರೆಗೆ ತಯಾರಾದ ಲಕ್ಷಾಂತರ ಯಂತ್ರಗಳಿಗೆ ಇದೇ ರೋಗ ಬಡಿದಿತ್ತು. ತೈವಾನಿನ ಕೆಲವು ತಯಾರಕರು ಕೆಪಾಸಿಟರಿನೊಳಗೆ ಹಾಕಿದ ದ್ರಾವಣದ ಪಾಕ ಸರಿಯಿರಲಿಲ್ಲ. ಅದರಲ್ಲಿನ ನೀರಿನಂಶ ಅಲ್ಯೂಮಿನಿಯಂ ಜೊತೆ ಸೇರಿ ಜಲಜನಕ ಹುಟ್ಟಿ ಡಬ್ಬಿ ಉಬ್ಬುತ್ತಿತ್ತು. 2005ರಲ್ಲಿ ಅಮೆರಿಕದ ಡೆಲ್ ಕಂಪನಿಯು ಕೆಪಾಸಿಟರ್ ಕೆಟ್ಟ ತನ್ನ ಕಂಪ್ಯೂಟರುಗಳ ಬಾಬ್ತು 30 ಕೋಟಿ ಡಾಲರ್ ಖರ್ಚು ತೋರಿಸಬೇಕಾಯಿತು. ಅಂಥ ಕಂಪನಿಗೇ ಹೀಗಾದರೆ ನಮ್ಮ ಗುಮಾಸ್ತರು ಏನು ತಾನೇ ಮಾಡಿಯಾರು?

ಯಂತ್ರ ನಿಲ್ಲುವುದು ಕಂಪ್ಯೂಟರಿನಷ್ಟೇ ಹಳೆಯದು. 1945ರಲ್ಲಿ ಸಿದ್ಧವಾದ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ಕೊಳವೆಗಳಿದ್ದವು. ಹಚ್ಚುವಾಗ, ಆರಿಸುವಾಗಲೇ ಅವು ಹೆಚ್ಚಾಗಿ ಸುಡುತ್ತಿದ್ದುದರಿಂದ ಯಂತ್ರವನ್ನು ಆರಿಸದೇ ಇಡುತ್ತಿದ್ದರು. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ಮಾರ್ಕ್-2 ಯಂತ್ರದ ರಿಲೇಯೊಳಗೆ ಒಂದು ಪತಂಗ ಸಿಕ್ಕಿತು. ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿಟ್ಟಿದ್ದು ಇಂದಿಗೂ ಇದೆ. ಅವರೂ ಕಿರ್ದಿ ಬರೆಯುವವರೇ ನೋಡಿ! ನಿಂತ ಯಂತ್ರವನ್ನು ಎಬ್ಬಿಸಲು ನಾವು ಒತ್ತುತ್ತಿದ್ದ ಕಂಟ್ರೋಲ್, ಆಲ್ಟ್, ಡಿಲೀಟ್ ಎಂಬ ಮೂರು ಕೀಲಿಗಳನ್ನು ಒಟ್ಟುಗೂಡಿಸಿದವರು ಐಬಿಎಂನ ಡೇವಿಡ್ ಬ್ರಾಡ್ಲಿ. ಆ ಕಂಪ್ಯೂಟರ್ 1981ರಲ್ಲಿ ಮಾರುಕಟ್ಟೆಗೆ ಬಂತು.

ನಮಗೆ ನಗು ತರಿಸಿದ್ದು 1990ರ ಸುಮಾರಿನ ವಿಂಡೋಸ್ ಸಂಗತಿ. ಅದರಲ್ಲಿ ಹಲವು ಪ್ರೋಗ್ರಾಂಗಳು ಒಟ್ಟಿಗೆ ನಡೆಯುವ ವಿಧಾನಕ್ಕೆ ‘ಸಹಕಾರಿ’ ಪದ್ಧತಿ ಎಂದೇ ಹೆಸರು. ಪ್ರತಿಯೊಂದೂ ತನ್ನ ಕೆಲಸ ಮುಗಿಸಿ ಪ್ರೊಸೆಸರನ್ನು ತಾನಾಗಿಯೇ ಇನ್ನೊಂದಕ್ಕೆ ಬಿಟ್ಟುಕೊಡಬೇಕು. ಒಂದು ಬಿಡದೆ ಕೂತರೆ ಎಲ್ಲವೂ ಸ್ತಬ್ಧ. ಸಂಘದಲ್ಲಿ ಒಬ್ಬರು ಸಾಲ ತಿರುಗಿಸದಿದ್ದರೆ ಏನಾಗುತ್ತದೋ ಅದೇ! ವಿಂಡೋಸ್ 95ರಿಂದ ಹೊಸ ಪ್ರೋಗ್ರಾಂಗಳ ಸರದಿಯನ್ನು ವ್ಯವಸ್ಥೆಯೇ ಹಂಚತೊಡಗಿತು. ಆದರೆ ಅದಕ್ಕೂ ಅದರ ತಮ್ಮ ವಿಂಡೋಸ್ 98ಕ್ಕೂ ಇನ್ನೊಂದು ದೋಷವಿತ್ತು. ಸುಮಾರು 49.7 ದಿನ ಆರಿಸದೆ ನಡೆಸಿದರೆ ಮಿಲಿಸೆಕೆಂಡು ಎಣಿಸುವ ಗಡಿಯಾರ ತುಂಬಿ ಯಂತ್ರ ನಿಲ್ಲಬಹುದಿತ್ತು. ನಮ್ಮೂರಿನ ಕರೆಂಟಿನ ದಯೆಯಿಂದ ಆ ಭಯ ಮಾತ್ರ ನಮಗಿರಲಿಲ್ಲ.

2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟವು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ನಮ್ಮ ಹಳೆಯ ಯಂತ್ರಕ್ಕೆ ಅಷ್ಟರಲ್ಲಾಗಲೇ ನಿವೃತ್ತಿಯಾಗಿತ್ತು. ಆ ಹಿರಿಯ ಸದಸ್ಯರ ಹೆಸರನ್ನು ಪಟ್ಟಿಯಿಂದ ತೆಗೆದು, ರಿಯಾಯಿತಿ ಕೊಟ್ಟು, ಮುಂದಿನ ಮಹಾಸಭೆಯಲ್ಲಿ ಗುಮಾಸ್ತರ ಕ್ಷಮೆ ಕೇಳಿದೆವು. ಹಿರಿಯರು ಎದ್ದು ಬಂದು ಅವರ ಕೈ ಹಿಡಿದುಕೊಂಡರು. ಗುಮಾಸ್ತರು ಏನೂ ಹೇಳಲಿಲ್ಲ, ಕಿರ್ದಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೋಗಿ ಕೂತರು.

ಉಬ್ಬಿದ ಆ ಐದು ಕೆಪಾಸಿಟರುಗಳನ್ನು ಔಷಧದ ಸೀಸೆಯೊಂದರಲ್ಲಿ ಹಾಕಿ ಕಚೇರಿಯ ಬೀರುವಿನಲ್ಲಿಟ್ಟಿದ್ದೇವೆ. ಬೆಳ್ಳಿ ಹಬ್ಬದ ದಿನ ಬಂದವರು ಕೇಳಿದರೆ ತೋರಿಸುತ್ತೇವೆ.