ಹಿತ್ತಲ ಹೊಗೆ ಯಾರದ್ದು?

  ಇವತ್ತಿನ ಇತಿಹಾಸದ ಕಥೆಯಲ್ಲಿ ರಾಜರಿಲ್ಲ, ಯುದ್ಧ ಇಲ್ಲ. ಹೊಗೆ ಇದೆ. ಅದೂ ಪಕ್ಕದ ಮನೆಯ ಹಿತ್ತಲಿಂದ ಬರೋ ಹೊಗೆ.

ನನ್ನ ಊರು ಅಗಡಿ, ಹಾವೇರಿ ತಾಲೂಕು. ಅಗಡಿ ಅಂದ್ರೆ ಹಲವರಿಗೆ ಆನಂದವನ ನೆನಪಾಗುತ್ತೆ, ಓದೋರಿಗೆ ಗಳಗನಾಥರ ‘ಸದ್ಬೋಧ ಚಂದ್ರಿಕೆ’ ನೆನಪಾಗುತ್ತೆ. ಹತ್ತಿರದಲ್ಲೇ ಬ್ಯಾಡಗಿ. ಹಾಗಾಗಿ ಹೊಗೆಗೆ ಗೋಡೆ ಲೆಕ್ಕಕ್ಕಿಲ್ಲ ಅನ್ನೋದನ್ನ ನಮ್ಮ ಕಡೆ ಯಾರಿಗೂ ಪಾಠ ಮಾಡಬೇಕಿಲ್ಲ. ದೃಷ್ಟಿ ತೆಗೆಯೋಕೆ ಒಂದು ಮನೆಯಲ್ಲಿ ನಾಲ್ಕು ಒಣಮೆಣಸಿನಕಾಯಿ ಬೆಂಕಿಗೆ ಹಾಕಿದ್ರೆ ಇಡೀ ಓಣಿ ಸೀನುತ್ತೆ. ಅದಕ್ಕೆ ಯಾರೂ ಜಗಳ ಮಾಡಲ್ಲ. ಎರಡು ನಿಮಿಷದ ಘಾಟು, ಆಮೇಲೆ ನಗು.

ಜಗಳ ಶುರುವಾಗೋದು ಹೊಗೆ ದಿನಾ ಬಂದಾಗ.

ಗ್ವಾಡಿ ಮತ್ತು ದಮ್ಮು

ನಮ್ಮ ಅವ್ವಗೆ ದಮ್ಮು. ಚಳಿಗಾಲ ಬಂದ್ರೆ ರಾತ್ರಿ ಎದ್ದು ಕೂರ್ತಾಳೆ, ಇನ್‌ಹೇಲರ್ ದಿಂಬಿನ ಪಕ್ಕದಲ್ಲೇ ಇರಬೇಕು. ಪಕ್ಕದ ಮನೆ ಕಾಕಾ ಹೊಲದಿಂದ ಬಂದವರೇ ಸಂಜೆ ಹಿತ್ತಲಲ್ಲಿ ಬೆಂಕಿ ಹಚ್ತಾರೆ. ಒಣ ಎಲೆ, ಗೋವಿನಜೋಳದ ರವದಿ, ಜೊತೆಗೆ ಹಾಲಿನ ಪಾಕೀಟು, ಗುಟ್ಕಾ ಚೀಟಿ, ಬೀಜದ ಚೀಲ. ಆ ಹೊಗೆ ನೇರ ನಮ್ಮ ಪಡಸಾಲೆಗೆ.

ಹೋದ ಚಳಿಗಾಲ ನಾನು ಬೆಂಗಳೂರಿಂದ ಊರಿಗೆ ಹೋದಾಗ ತಡೆಯೋಕಾಗದೆ ಹೇಳಿಬಿಟ್ಟೆ: “ಕಾಕಾ, ಅವ್ವಗ ದಮ್ಮು ಐತ್ರಿ. ಈ ಬೆಂಕಿ ಹಚ್ಚೂದು ಬಿಡ್ರಿ.”

ಕಾಕಾ ಸಿಟ್ಟಾಗಲಿಲ್ಲ. ಕೋಲಿನಿಂದ ಬೆಂಕಿ ಕೆದಕುತ್ತಾ ಅಂದ್ರು: “ತಮ್ಮಾ, ನಮ್ಮಪ್ಪನ ಕಾಲದಿಂದ ಈ ಹಿತ್ತಲದಾಗ ಬೆಂಕಿ ಐತಿ. ಆವಾಗ ಯಾರಿಗೂ ತ್ರಾಸ ಇರಲಿಲ್ಲ. ನೀವು ಗ್ವಾಡಿ ಎತ್ತರಿಸಿದ ಮ್ಯಾಲ ಹೊಗಿಗೆ ಹೋಗಾಕ ದಾರಿ ಎಲ್ಲೈತಿ ಹೇಳು?”

ನನಗೆ ಉತ್ತರ ಹೊಳೀಲಿಲ್ಲ. ಯಾಕಂದ್ರೆ ಅದು ನಿಜ. ಕೆಲವು ವರ್ಷದ ಹಿಂದೆ ನಾವು ಹಿತ್ತಲ ಗೋಡೆ ಎತ್ತರಿಸಿ, ಮೇಲೊಂದು ಖೋಲಿ ಕಟ್ಟಿಸಿದ್ವಿ. ಮೊದಲು ಹಿತ್ತಲಿಂದ ಹಿತ್ತಲಿಗೆ ಹಾಯ್ತಿದ್ದ ಗಾಳಿ ಈಗ ಅಲ್ಲೇ ಸುತ್ತುತ್ತೆ. ಅವತ್ತು ರಾತ್ರಿ ಫೋನ್ ಹಿಡ್ಕೊಂಡು ದೂರು ಎಲ್ಲಿ ಕೊಡೋದು ಅಂತ ಹುಡುಕೋಕೆ ಕೂತೆ. ಸಿಕ್ಕಿದ್ದು ಇತಿಹಾಸ.

ಬೆಂಕಿಗೆ ಒಂದು ಕೆಲಸ ಇತ್ತು

ಮೊದಲು ಕಾಕಾನ ಮಾತನ್ನೇ ತಗೊಳ್ಳೋಣ. ಅಪ್ಪನ ಕಾಲದಿಂದ ಬೆಂಕಿ ಇದೆ ಅಂದ್ರು. ಹೌದು, ಇತ್ತು. ಆದ್ರೆ ಯಾವ ಬೆಂಕಿ?

ಹಳೆಯ ಮನೆಯಲ್ಲಿ ಬೆಂಕಿಗೆ ಲೆಕ್ಕ ಇತ್ತು. ಅಡುಗೆ ಒಲೆ ಒಂದು, ಸ್ನಾನದ ಹಂಡೆ ಕೆಳಗೆ ಒಂದು. ದನದ ಮನೆಯಲ್ಲಿ ಸೊಳ್ಳೆ, ನೊಣ ಓಡಿಸೋಕೆ ಸಂಜೆ ಹೊಗೆ. ಚಳಿಗೆ ಕಟ್ಟೆ ಮುಂದೆ ನಾಲ್ಕು ಜನ ಕೂತು ಕಾಯಿಸಿಕೊಳ್ಳೋ ಬೆಂಕಿ. ಬೂದಿಯೂ ಹಾಳಾಗ್ತಿರಲಿಲ್ಲ, ಪಾತ್ರೆ ತಿಕ್ಕೋಕೆ, ಕಾಳಿಗೆ ಹುಳ ಬೀಳದಂತೆ ಕಲಸೋಕೆ ಬೇಕಿತ್ತು. ಕಡ್ಡಿಪೆಟ್ಟಿಗೆ ಕೈಗೆಟುಕದ ಕಾಲದಲ್ಲಿ ನೆರೆಮನೆಯಿಂದ ಕೆಂಡ ಕೇಳಿ ತರೋದೇ ರೂಢಿ. ಅಂದ್ರೆ ಬೆಂಕಿ ನೆರೆಹೊರೆಯನ್ನ ಕೂಡಿಸೋ ವಸ್ತುವಾಗಿತ್ತು.

ಊರಿಗೆಲ್ಲ ಸೇರಿ ವರ್ಷಕ್ಕೊಂದು ದೊಡ್ಡ ಬೆಂಕಿಯೂ ಇತ್ತು, ಈಗಲೂ ಇದೆ: ಕಾಮದಹನ. ರಾಣೆಬೆನ್ನೂರಿನ ಜೀವಂತ ರತಿ-ಮನ್ಮಥರನ್ನ ನಗಿಸೋಕೆ ಜನ ಹೇಗೆ ಒದ್ದಾಡ್ತಾರೆ ಅಂತ ನೋಡಿದವರಿಗೆ ಗೊತ್ತು. ಆ ಹಬ್ಬದಲ್ಲಿ ಹುಡುಗರು ನೆರೆಮನೆಯ ಕಟ್ಟಿಗೆ, ಕುಳ್ಳು ಕದಿಯೋದಕ್ಕೂ ಪರವಾನಗಿ. ಹೊಗೆಯ ಬಗ್ಗೆ ಯಾರೂ ಮಾತಾಡಲ್ಲ, ಅದು ಎಲ್ಲರೂ ಒಪ್ಪಿದ ಬೆಂಕಿ.

ಆದ್ರೆ ಕಸ? ಕಸ ಸುಡ್ತಿರಲಿಲ್ಲ. ಎಲೆ, ಸೆಗಣಿ, ದನ ತಿಂದು ಬಿಟ್ಟ ಕಣಿಕೆ ಎಲ್ಲ ತಿಪ್ಪೆಗೆ. ತಿಪ್ಪೆ ಅಂದ್ರೆ ರೈತನ ಉಳಿತಾಯ ಖಾತೆ, ವರ್ಷದ ಕೊನೆಗೆ ಗೊಬ್ಬರವಾಗಿ ಹೊಲಕ್ಕೆ ಜಮಾ. ಮನೆಯಲ್ಲಿ ದನ ಕಡಿಮೆ ಆದ್ವು, ಟ್ರ್ಯಾಕ್ಟರ್ ಬಂತು, ಗೊಬ್ಬರ ಚೀಲದಲ್ಲಿ ಬಂತು, ಆ ಚೀಲವೇ ಕಸವಾಯ್ತು. ತಿಪ್ಪೆಗೆ ಹಾಕಿದ್ರೆ ಪ್ಲಾಸ್ಟಿಕ್ ಕೊಳೆಯಲ್ಲ, ಹೊಲಕ್ಕೆ ಹೋಗಿ ನೇಗಿಲಿಗೆ ಸಿಗುತ್ತೆ. ಹಾಗಾಗಿ ಸುಡೋದು ಶುರುವಾಯ್ತು. ಕಾಕಾನ ಅಪ್ಪ ಹಚ್ಚಿದ್ದು ಕೆಲಸದ ಬೆಂಕಿ. ಕಾಕಾ ಹಚ್ಚೋದು ಕಸ ಮರೆಮಾಡೋ ಬೆಂಕಿ. ಜಾಗ ಒಂದೇ, ಬೆಂಕಿ ಬೇರೆ.

ಹೊಗೆಯೂ ಬೇರೆ. ಹಸಿ ಎಲೆ ಉರಿಯಲ್ಲ, ಹೊಗೆಯಾಡುತ್ತೆ. ಪೂರ್ತಿ ಸುಡದ ಕಣಗಳು ಗಾಳಿಯಲ್ಲಿ ತೇಲಿ ಶ್ವಾಸಕೋಶದ ಒಳತುದಿ ತನಕ ಹೋಗುವಷ್ಟು ಸಣ್ಣವು. ಪ್ಲಾಸ್ಟಿಕ್ ಸೇರಿದ್ರೆ ಡಯಾಕ್ಸಿನ್‌ನಂಥ ವಿಷವೂ ಹುಟ್ಟಬಹುದು. ಜೊತೆಗೆ ಚಳಿಗಾಲದ ಸಂಜೆ ನೆಲದ ಹತ್ತಿರದ ಗಾಳಿ ತಣ್ಣಗೆ, ಅದರ ಮೇಲಿನ ಗಾಳಿ ಬೆಚ್ಚಗೆ. ಹೊಗೆ ಮೇಲೇರಲ್ಲ, ಮುಚ್ಚಳ ಹಾಕಿದ ಹಾಗೆ ಓಣಿಯಲ್ಲೇ ಕೂರುತ್ತೆ.

ಕಾನೂನು ನೋಡಿದ್ದು ದೊಡ್ಡ ಚಿಮಣಿಯನ್ನ

ಈಗ ಕಾನೂನಿಗೆ ಬರೋಣ. 1860ರ ಭಾರತೀಯ ದಂಡ ಸಂಹಿತೆಯಲ್ಲಿ 278ನೇ ಕಲಂ ಇತ್ತು. ನೆರೆಹೊರೆಯ ಜನರ ಆರೋಗ್ಯಕ್ಕೆ ಹಾನಿಯಾಗುವ ಹಾಗೆ ಗಾಳಿ ಕೆಡಿಸಿದ್ರೆ ಗರಿಷ್ಠ 500 ರೂಪಾಯಿ ದಂಡ. ಆ ಕಾಲದ ಕೂಲಿಯವನಿಗೆ ಅದು ವರ್ಷಗಟ್ಟಲೆಯ ದುಡಿಮೆ. ಸಂಹಿತೆ ಜಾರಿಗೆ ಬಂದದ್ದು 1862ರಲ್ಲಿ, ಹೋದದ್ದು 2024ರ ಜೂನ್ ಕೊನೆಗೆ. 162 ವರ್ಷ ದಂಡ ಅಷ್ಟೇ ಇತ್ತು. ಈಗಿನ ಭಾರತೀಯ ನ್ಯಾಯ ಸಂಹಿತೆಯ 280ನೇ ಕಲಮಿನಲ್ಲಿ 1,000 ರೂಪಾಯಿ. ಬಿ.ಕಾಂ. ಓದಿದವನಾಗಿ ಹೇಳ್ತೀನಿ, ಹಣದುಬ್ಬರ ಲೆಕ್ಕ ಹಾಕಿದ್ರೆ ಇದು ಏರಿಕೆಯಲ್ಲ, ದೊಡ್ಡ ಇಳಿಕೆ.

ಇನ್ನೊಂದು ತೊಡಕಿದೆ. ಆ ಕಲಂ ಮಾತಾಡೋದು ಸಾರ್ವಜನಿಕರ ಆರೋಗ್ಯದ ಬಗ್ಗೆ. ಒಂದೇ ಮನೆಗೆ ತೊಂದರೆ ಅಂದ್ರೆ ಅದು ಖಾಸಗಿ ವ್ಯಾಜ್ಯ, ಸಿವಿಲ್ ಕೋರ್ಟಿನ ದಾರಿ. ಆ ದಾರಿಯ ಉದ್ದ ನಮ್ಮ ಕಡೆಯ ಹೊಲದ ತಕರಾರು ನೋಡಿದವರಿಗೆಲ್ಲ ಗೊತ್ತು.

ಹೊಗೆಗೇ ಅಂತ ಮಾಡಿದ ಕಾನೂನುಗಳೂ ಇದ್ವು. ಕಲ್ಕತ್ತೆಗೆ 1905ರಲ್ಲಿ, ಮುಂಬೈಗೆ 1912ರಲ್ಲಿ. ಆಗ ನಮ್ಮ ಹಾವೇರಿ ಧಾರವಾಡ ಜಿಲ್ಲೆಯಲ್ಲಿ, ಧಾರವಾಡ ಮುಂಬೈ ಪ್ರಾಂತ್ಯದಲ್ಲಿ. ಆದ್ರೆ ಆ ಕಾನೂನುಗಳ ಕಣ್ಣು ಗಿರಣಿ ಮತ್ತು ಉಗಿ ಯಂತ್ರಗಳ ಚಿಮಣಿ ಮೇಲೆ. ಮನೆಯ ಬೆಂಕಿ ಅವಕ್ಕೆ ಗುರಿಯೇ ಅಲ್ಲ.

ಇಂಗ್ಲೆಂಡಿನಲ್ಲೂ ಬಹಳ ಕಾಲ ಇದೇ ಕಥೆ. 1952ರ ಡಿಸೆಂಬರ್‌ನಲ್ಲಿ ಲಂಡನ್ನಿನ ಮೇಲೆ ಐದು ದಿನ ಹೊಗೆಮಂಜು ಕವೀತು. ಸತ್ತವರು ಸುಮಾರು 4,000 ಅಂತ ಮೊದಲ ಅಂದಾಜು, ನಂತರದ ಲೆಕ್ಕಗಳು ಇನ್ನೂ ಹೆಚ್ಚು. ಅದರಲ್ಲಿ ಕಾರ್ಖಾನೆ ಹೊಗೆಯಷ್ಟೇ ಅಲ್ಲ, ಮನೆ ಮನೆಯ ಕಲ್ಲಿದ್ದಲ ಹೊಗೆಯೂ ಇತ್ತು. 1956ರ ಶುದ್ಧ ಗಾಳಿ ಕಾಯ್ದೆ ಬಂದ ಮೇಲೇ ಅಲ್ಲಿ ಮನೆಯ ಬೆಂಕಿಗೆ ಗಟ್ಟಿಯಾದ ಕಡಿವಾಣ ಬಿತ್ತು. ಈಗ ಅಲ್ಲಿನ, ಅಮೆರಿಕದ ಹಿತ್ತಲುಗಳಲ್ಲಿ ‘ಫೈರ್ ಪಿಟ್’ ಫ್ಯಾಶನ್. ಸುತ್ತ ಕುರ್ಚಿ, ಮಧ್ಯೆ ಬೆಂಕಿ, ಬೇಲಿಯಾಚೆ ಕೆಮ್ಮೋ ನೆರೆಯವರು. ನಮ್ಮ ಹೋಮ್‌ಸ್ಟೇಗಳ ‘ಕ್ಯಾಂಪ್‌ಫೈರ್’ ಕೂಡ ಅದರ ತಮ್ಮನೇ.

ನಮ್ಮ ಜಿಲ್ಲೆಯಲ್ಲೂ ಮಾಲಿನ್ಯ ಅಂದ ಕೂಡಲೇ ಹಿರಿಯರಿಗೆ ನೆನಪಾಗೋದು ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್, ತುಂಗಭದ್ರೆಗಾಗಿ 1980ರ ದಶಕದಲ್ಲಿ ನಡೆದ ಹೋರಾಟ. ಅದು ನಡೆಯಲೇಬೇಕಿದ್ದ ಹೋರಾಟ. ಆದ್ರೆ ಕಾರ್ಖಾನೆ ಮುಂದೆ ಘೋಷಣೆ ಕೂಗಬಹುದು, ಕಾಕಾನ ಹಿತ್ತಲ ಮುಂದೆ ಯಾವ ಘೋಷಣೆ ಕೂಗೋದು?

ಕಸ ಸುಡೋದರ ವಿರುದ್ಧ ನೇರ ನಿಯಮವೂ ಇದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸ ಸುಡಬಾರದು ಅಂದ್ವು. ಅದೇ ವರ್ಷ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಟ್ಟರೆ 5,000, ದೊಡ್ಡ ಪ್ರಮಾಣದಲ್ಲಾದ್ರೆ 25,000 ರೂಪಾಯಿ ಅಂತ ಆದೇಶಿಸಿತು. ಅಂದ್ರೆ ದೂರು ಕೊಡೋಕೆ ನನ್ನ ಕೈಯಲ್ಲಿ ಅಸ್ತ್ರ ಇತ್ತು. ಅವ್ವ ಒಂದೇ ಮಾತು ಕೇಳಿದಳು: “ನೀ ಬೆಂಗಳೂರಿಗೆ ಹೊಕ್ಕಿ. ರಾತ್ರಿ ನನಗ ಉಸಿರು ಕಟ್ಟಿದ್ರ ಬಾಗಲಾ ಬಡದು ಕರೀಬೇಕಾದ್ದು ಯಾರನ್ನ?”

ಗೋಡೆ ಕಟ್ಟಿದವರದ್ದೂ ಪಾಲು

ಡಿಗ್ರಿಯಲ್ಲಿ ಅರ್ಥಶಾಸ್ತ್ರದ ಸರ್ ‘ಎಕ್ಸ್‌ಟರ್ನಾಲಿಟಿ’ ಅಂತ ಹೇಳಿಕೊಟ್ಟಿದ್ರು. ಲಾಭ ಒಬ್ಬನಿಗೆ, ಖರ್ಚು ಬೇರೆಯವನ ಲೆಕ್ಕಕ್ಕೆ. ಇದಕ್ಕೆ ಹಳೆಯ ಉದಾಹರಣೆಯೇ ಹೊಗೆ. ಪಿಗೂ ಅನ್ನೋ ಅರ್ಥಶಾಸ್ತ್ರಜ್ಞ 1920ರ ತನ್ನ ಪುಸ್ತಕದಲ್ಲಿ ಮ್ಯಾಂಚೆಸ್ಟರ್ ಊರಿನ ಲೆಕ್ಕ ಕೊಡ್ತಾನೆ. ಮಸಿ ಹಿಡಿದ ಬಟ್ಟೆ ಒಗೆಯೋ ಹೆಚ್ಚುವರಿ ಖರ್ಚೇ ಇಡೀ ಊರಿಗೆ ವರ್ಷಕ್ಕೆ 2,90,000 ಪೌಂಡಿಗಿಂತ ಜಾಸ್ತಿ. ಹಾಗಾದ್ರೆ ಹೊಗೆ ಬಿಟ್ಟವನೇ ತೆರಲಿ, ಇದು ಪಿಗೂ ದಾರಿ. ನನಗೂ ಇದೇ ಸರಿ ಅನಿಸಿತ್ತು.

1960ರಲ್ಲಿ ರೊನಾಲ್ಡ್ ಕೋಸ್ ಇದನ್ನ ಪ್ರಶ್ನಿಸಿದ. ಮುಂದೆ 1991ರಲ್ಲಿ ಇವನಿಗೆ ನೊಬೆಲ್ ಬಂತು. ಅವನು ಎತ್ತಿಕೊಂಡ ಮೊಕದ್ದಮೆಗಳಲ್ಲಿ ಒಂದು 1879ರದ್ದು: ಬ್ರಯಂಟ್ ಮತ್ತು ಲೆಫೆವರ್, ಅಕ್ಕಪಕ್ಕದ ಮನೆಯವರು. 1876ರಲ್ಲಿ ಲೆಫೆವರ್ ಕಡೆಯವರು ಮನೆ ಮತ್ತೆ ಕಟ್ಟಿ, ಗೋಡೆ ಎತ್ತರಿಸಿ, ಮೇಲೆ ಮರದ ದಿಮ್ಮಿ ಒಟ್ಟಿದ್ರು. ಬ್ರಯಂಟ್ ಮನೆ ಚಿಮಣಿಗೆ ಗಾಳಿ ತಪ್ಪಿ, ಹೊಗೆ ವಾಪಸ್ ಅವನ ಕೋಣೆಗೇ ತುಂಬಿತು. ಜ್ಯೂರಿ 40 ಪೌಂಡ್ ಪರಿಹಾರ ಕೊಟ್ಟಿತು. ಮೇಲ್ಮನವಿ ಕೋರ್ಟು ಅದನ್ನ ತಿರುಗಿಸಿತು: ಬೆಂಕಿ ಹಚ್ಚಿದ್ದು ನೀನು, ಹೊಗೆಯೂ ನಿನ್ನದೇ. ಕೋಸ್ ಅಂದದ್ದು ಎರಡೂ ಅರ್ಧ ಸತ್ಯ ಅಂತ. ಬೆಂಕಿ ಇಲ್ಲದಿದ್ರೆ ಹೊಗೆ ಇಲ್ಲ, ಗೋಡೆ ಇಲ್ಲದಿದ್ರೆ ಹೊಗೆ ನಿಲ್ತಿರಲಿಲ್ಲ. ತೊಂದರೆ ಇಬ್ಬರೂ ಸೇರಿ ಮಾಡಿದ್ದು.

ಇದನ್ನ ಓದಿದಾಗ ನನಗೆ ಕಾಕಾ ಕೋಲು ಹಿಡಿದು ಕೂತದ್ದು ಕಣ್ಣಿಗೆ ಬಂತು. ಅವರು ಕೋಸ್‌ನನ್ನ ಓದಿಲ್ಲ. ಓದೋ ಅಗತ್ಯವೂ ಬೀಳಲಿಲ್ಲ.

ಮೊದಲ ಹೊಗೆ

ಇಲ್ಲಿಗೆ ಕಥೆ ಮುಗೀಬಹುದಿತ್ತು. ಆದ್ರೆ ಅವ್ವನನ್ನ ಡಾಕ್ಟರ ಹತ್ತಿರ ಕರ್ಕೊಂಡು ಹೋದಾಗ ಅವರು ಪಕ್ಕದ ಮನೆ ಬಗ್ಗೆ ಕೇಳಲಿಲ್ಲ. “ಒಲಿ ಮುಂದ ಎಷ್ಟು ವರ್ಷ ಅಡಿಗಿ ಮಾಡೀರಿ?” ಅಂದ್ರು. ಅವ್ವ ಲೆಕ್ಕ ಹಾಕಿ ಹೇಳಿದಳು: “ಲಗ್ನ ಆದಾಗಿಂದ ಇಪ್ಪತ್ತೆರಡು ವರ್ಷ ರೀ.”

1983ರಲ್ಲಿ ಕಿರ್ಕ್ ಸ್ಮಿತ್ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದ್ರು. ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡೋ ಹೆಣ್ಣುಮಕ್ಕಳ ಮೈಮೇಲೆ ಸಣ್ಣ ಉಪಕರಣ ಕಟ್ಟಿ ಅವರು ಉಸಿರಾಡೋ ಹೊಗೆ ಅಳೆದಿದ್ರು. ಊರ ಹೊರಗಿನ ಚಿಮಣಿ ನೋಡ್ತಾ ಕೂತಿದ್ದ ಜಗತ್ತಿಗೆ ಅಡುಗೆಮನೆ ಕಾಣಿಸಿದ್ದು ಅಷ್ಟು ತಡವಾಗಿ. ನಮ್ಮ ರಾಜ್ಯದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಶುರುಮಾಡಿದ ‘ಅಸ್ತ್ರ’ ಕೇಂದ್ರ 1980ರ ದಶಕದಲ್ಲಿ ಮೂರು ಪಾತ್ರೆ ಇಡೋ, ಹೊಗೆ ಕೊಳವೆ ಇರೋ ಅಸ್ತ್ರ ಒಲೆ ಕೊಟ್ಟಿತು. ಕಟ್ಟಿಗೆ ಕಡಿಮೆ ಸಾಕು, ಹೊಗೆ ಮನೆ ಹೊರಗೆ. ನಮ್ಮ ಮನೆಗೆ ಅದು ಬರಲಿಲ್ಲ. ಬೆಳಕಿಂಡಿ ಒಂದೇ ದಾರಿ. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಗ್ಯಾಸ್ ಬಂತು. ಅದಕ್ಕೂ ಮೊದಲೇ ನಮ್ಮ ಮನೆಯಲ್ಲಿ ಟಿವಿ ಇತ್ತು, ಬೈಕ್ ಇತ್ತು.

ಅವ್ವನ ಎದೆಗೆ ಇಳಿದ ಮೊದಲ ಹೊಗೆ ಕಾಕಾಂದಲ್ಲ, ನಮ್ಮದು. ಅವಳು ಮಾಡಿದ ರೊಟ್ಟಿ ನಾವು ತಿಂದ್ವಿ, ಖರ್ಚು ಅವಳ ಶ್ವಾಸಕೋಶದ ಲೆಕ್ಕಕ್ಕೆ ಬರೆದ್ವಿ. ಯಾವ ಕಲಮಿನಲ್ಲೂ ಇದಕ್ಕೆ ದಂಡ ಇಲ್ಲ.

ಇದರಿಂದ ಕಾಕಾನ ಬೆಂಕಿ ಸರಿ ಅಂತ ಆಗಲ್ಲ. ಆಗಲೇ ಸೋತ ಎದೆಗೆ ಸ್ವಲ್ಪ ಹೊಗೆಯೂ ಜಾಸ್ತಿಯೇ. ಇಬ್ಬರೂ ಕೂತು ಚೌಕಾಸಿ ಮಾಡಿ ಅನ್ನೋ ಕೋಸ್ ಮಾತು ಚೆಂದ, ಆದ್ರೆ ಉಸಿರಿಗೆ ಚೌಕಾಸಿ ಬರಲ್ಲ. ನನಗೆ ಬದಲಾಗಿದ್ದು ಮಾತಾಡೋಕೆ ಹೋದ ರೀತಿ.

ಎರಡನೇ ಸಲ ಹೋದಾಗ ಗೋಡೆ ವಿಷಯ ನಾನೇ ತೆಗೆದೆ. ತಪ್ಪು ನಮ್ಮದೂ ಇದೆ ಅಂದೆ. ಕಾಕಾ ಚಾ ಕುಡಿಸಿದ್ರು. ಕಸದ ಗಾಡಿ ಬರೋ ಹೊತ್ತಿಗೆ ಅವರು ಹೊಲದಲ್ಲಿರ್ತಾರೆ, ಅದಕ್ಕೇ ಸುಡೋದು. ಈಗ ಅವರ ಪ್ಲಾಸ್ಟಿಕ್ ಚೀಲ ನಮ್ಮ ಕಟ್ಟೆ ಮೇಲೆ ಇರುತ್ತೆ, ಅವ್ವ ಗಾಡಿಗೆ ಹಾಕ್ತಾಳೆ. ಎಲೆ, ರವದಿಗೆ ಎರಡು ಹಿತ್ತಲ ನಡುವೆ ಒಂದು ಗುಂಡಿ ತೋಡಿದ್ವಿ. ತಿಪ್ಪೆ ಮತ್ತೆ ಬಂತು ಅಂದ್ಕೊಳ್ಳಿ. ಗೋಡೆಯನ್ನಂತೂ ಒಡೆಯೋಕಾಗಲ್ಲ.

ಎಲ್ಲ ಸರಿಹೋಯ್ತಾ? ಇಲ್ಲ. ಹಂಡೆ ಒಲೆ ಇನ್ನೂ ಉರಿಯುತ್ತೆ. ಮೊನ್ನೆ ಫೋನ್ ಮಾಡಿದಾಗ ಅವ್ವ ಕೆಮ್ತಿದ್ದಳು. “ಕಾಕಾ ಹಚ್ಯಾರೇನು?” ಅಂದೆ. “ಇಲ್ಲಪಾ, ಇವತ್ತು ಆ ಕಡೀ ಓಣಿಯವ್ರು” ಅಂದಳು.

ಅಂದ್ರೆ ನನಗೆ ಇನ್ನೊಂದು ಮನೆಯಲ್ಲಿ ಚಾ ಕುಡಿಯೋದು ಬಾಕಿ ಇದೆ. ನಿಮ್ಮ ಓಣಿಯಲ್ಲೂ ಹೊಗೆ ಜಗಳ ಇದ್ರೆ ವಾಯ್ಸ್ ನೋಟ್ ಕಳಿಸಿ. ಕಳಿಸೋ ಮೊದಲು ಒಂದು ಕೆಲಸ: ನಿಮ್ಮ ಮನೆಯಲ್ಲಿ ಒಲೆ ಮುಂದೆ ಯಾರು ಎಷ್ಟು ವರ್ಷ ಕೂತಿದ್ರು ಅಂತ ಕೇಳಿ. ಮುಂದಿನ ವಾರ ಸಿಗೋಣ. ಬರ್ತೀನ್ರಿ.