ಆರು ನಿಮಿಷದ ಲೆಕ್ಕ: ಕಾಲೇಜು ಪಾಠದ ವಿಡಿಯೊಗಳ ರಚನೆ ಕುರಿತು

ಪಾಠದ ವಿಡಿಯೊ ಆರು ನಿಮಿಷ ಮೀರಬಾರದೆಂಬ ಮಾತು ಅಧ್ಯಾಪಕ ವಲಯದಲ್ಲಿ ಕಟ್ಟಳೆಯಂತೆ ಚಾಲ್ತಿಯಲ್ಲಿದೆ. ಇದರ ಮೂಲ ಫಿಲಿಪ್ ಗುವೊ, ಜುಹೊ ಕಿಮ್, ರಾಬ್ ರೂಬಿನ್ 2014ರಲ್ಲಿ ಮಂಡಿಸಿದ ಅಧ್ಯಯನ. ಎಡ್‌ಎಕ್ಸ್‌ನ ನಾಲ್ಕು ಆನ್‌ಲೈನ್ ಕೋರ್ಸುಗಳಲ್ಲಿ ವಿದ್ಯಾರ್ಥಿಗಳು ವಿಡಿಯೊ ನೋಡಿದ ಸುಮಾರು 69 ಲಕ್ಷ ದಾಖಲೆಗಳನ್ನು ಅವರು ಪರಿಶೀಲಿಸಿದರು. ವಿಡಿಯೊ ಎಷ್ಟೇ ಉದ್ದವಿರಲಿ, ನೋಡಿದ ಅವಧಿಯ ಮಧ್ಯಾಂಕ ಆರು ನಿಮಿಷ ದಾಟಲಿಲ್ಲ. ಆದರೆ ಅಲ್ಲಿ ಅಳೆದದ್ದು ನೋಡಿದ ಹೊತ್ತನ್ನು, ಕಲಿತದ್ದನ್ನಲ್ಲ.

ಕಲಿಕೆಯನ್ನೇ ಅಳೆದಾಗ ಚಿತ್ರ ಬದಲಾಗುತ್ತದೆ. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಡೆರೆಕ್ ಮುಲ್ಲರ್ ಮತ್ತು ಸಂಗಡಿಗರು ನ್ಯೂಟನ್ನನ ನಿಯಮಗಳ ಪಾಠವನ್ನು ಬೇರೆಬೇರೆ ಬಗೆಯ ವಿಡಿಯೊಗಳಾಗಿ ರೂಪಿಸಿದರು. ಒಂದರಲ್ಲಿ ನೇರ, ಅಚ್ಚುಕಟ್ಟಾದ ವಿವರಣೆ. ಇನ್ನೊಂದರಲ್ಲಿ ವಿದ್ಯಾರ್ಥಿಯೊಬ್ಬ ತನ್ನ ತಪ್ಪು ತಿಳಿವಳಿಕೆಯನ್ನು ಹೇಳುತ್ತಾನೆ, ಬೋಧಕ ಅದನ್ನು ಮಾತುಕತೆಯಲ್ಲಿ ಬಿಡಿಸುತ್ತಾನೆ. ಉದಾಹರಣೆಗೆ, ಮೇಲಕ್ಕೆಸೆದ ಚೆಂಡಿನ ಮೇಲೆ ಕೈಯ ಬಲ ಇನ್ನೂ ಕೆಲಸ ಮಾಡುತ್ತಿದೆ ಎಂಬ ನಂಬಿಕೆ ನಮ್ಮ ಪದವಿ ತರಗತಿಗಳಿಗೂ ಹೊಸದಲ್ಲ. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ತಪ್ಪು ತಿಳಿವಳಿಕೆಯನ್ನು ಎದುರಿಟ್ಟ ವಿಡಿಯೊ ನೋಡಿದವರೇ ಹೆಚ್ಚು ಕಲಿತರು. ಹೆಚ್ಚು ತಲೆ ಓಡಿಸಬೇಕಾಯಿತೆಂದು ಹೇಳಿದವರೂ ಅವರೇ. ಈ ಸಂವಾದದ ವಿಡಿಯೊ ನೇರ ವಿವರಣೆಗಿಂತ ಉದ್ದವಾಗಿತ್ತೆಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಹೆಚ್ಚು ತಲೆ ಓಡಿಸಿದವರೇ ಹೆಚ್ಚು ಕಲಿತದ್ದರಿಂದ, ಸಲೀಸಾಗಿ ಅರ್ಥವಾಯಿತೆಂಬ ಭಾವನೆಯನ್ನು ಕಲಿಕೆಯ ಪುರಾವೆಯಾಗಿ ಎಣಿಸುವಂತಿಲ್ಲ.

ನಡುನಡುವೆ ಪ್ರಶ್ನೆ ಕೇಳುವುದರ ಪರಿಣಾಮವನ್ನು ಕಾರ್ಲ್ ಸ್ಪನಾರ್, ನೊವಾಲ್ ಖಾನ್, ಡೇನಿಯಲ್ ಶ್ಯಾಕ್ಟರ್ 2013ರಲ್ಲಿ ತೋರಿಸಿದರು. 21 ನಿಮಿಷದ ಸಂಖ್ಯಾಶಾಸ್ತ್ರದ ಉಪನ್ಯಾಸವನ್ನು ನಾಲ್ಕು ಭಾಗ ಮಾಡಿ, ಪ್ರತಿ ಭಾಗದ ಕೊನೆಗೆ ಕಿರುಪರೀಕ್ಷೆ ಕೊಟ್ಟಾಗ ವಿದ್ಯಾರ್ಥಿಗಳ ಮನಸ್ಸು ಅತ್ತಿತ್ತ ಹರಿಯುವುದು ಸುಮಾರು ಅರ್ಧಕ್ಕಿಳಿಯಿತು, ಟಿಪ್ಪಣಿ ಬರೆಯುವುದು ಹೆಚ್ಚಿತು. ತರಗತಿಯ ಒಂದು ಗಂಟೆಯ ಪಾಠವನ್ನು ಚಿತ್ರೀಕರಿಸಿ ನಡುವೆ ಪ್ರಶ್ನೆಗಳಿಲ್ಲದೆ ಬರೀ ಹತ್ತು ತುಂಡು ಮಾಡಿದರೆ ಈ ಫಲ ಸಿಗದು.

ಮಾತಿನಲ್ಲಿ ಹೇಳಿದ್ದನ್ನೇ ಪರದೆಯ ಮೇಲೆ ಪೂರ್ತಿ ಬರೆಯಬಾರದೆಂಬ ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರ ತತ್ತ್ವವನ್ನೂ ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷಿನಲ್ಲಿ ಪಾಠ ಕೇಳುವವರ ವಿಷಯದಲ್ಲಿ ಹಾಗೆಯೇ ಒಪ್ಪಲಾಗದು. ಎರಡನೆಯ ಭಾಷೆಯಲ್ಲಿ ಕಲಿಯುವವರಿಗೆ ಪರದೆಯ ಬರಹ ನೆರವಾಗುವುದುಂಟು. ಕನಿಷ್ಠ ಪಾರಿಭಾಷಿಕ ಪದಗಳಾದರೂ ಎರಡೂ ಭಾಷೆಗಳಲ್ಲಿ ಕಾಣಬೇಕು.

ಆದ್ದರಿಂದ ಚಿತ್ರಕಥೆ ಬರೆಯುವ ಮೊದಲು ಅಧ್ಯಾಪಕರು ಹಿಂದಿನ ವರ್ಷಗಳ ಉತ್ತರಪತ್ರಿಕೆಗಳನ್ನು ತೆರೆದು, ಮತ್ತೆಮತ್ತೆ ಬರುವ ತಪ್ಪುಗಳನ್ನು ಪಟ್ಟಿ ಮಾಡಬೇಕು. ಆ ಪಟ್ಟಿಯ ಒಂದೊಂದು ತಪ್ಪಿಗೂ ವಿಡಿಯೊದಲ್ಲಿ ಒಂದು ಪ್ರಶ್ನೆ, ಉತ್ತರಿಸಲು ಒಂದು ನಿಲುಗಡೆ ಇರಬೇಕು.